ಸದನದಲ್ಲಿ ಸಂಖ್ಯೆ ಇಲ್ದಿರೋ ಪಕ್ಷ ಮೊದಲು ಯಾವ ಕಾನೂನಿಗೆ ಗುದ್ದಾಡ್ಬೇಕು?

ಕಾವೇರಿ ದಂಡೆ

ಬಹಳ ದಿನದಿಂದ ತಲೇಲಿ ಕೊರೀತಿರೋ ವಿಷಯ, ಇವತ್ತು ಬರೆದೇ ಬಿಡೋಣ ಅಂತ ಕೂತೆ, ಉದ್ದ ಆದ್ರೂ ಓದಿ. ನಮ್ಮ ವಿಧಾನಸಭೆಲಿ 224 ಸೀಟು, ಸರ್ಕಾರ ಮಾಡೋಕೆ 113 ಬೇಕು, ಇದು ಎಲ್ರಿಗೂ ಗೊತ್ತು. 2023ರಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಉಳಿದಿದ್ದು ಇಬ್ರು ಪಕ್ಷೇತರರು, ಗಂಗಾವತಿಲಿ ಒಬ್ರು, ಮತ್ತೆ ನಮ್ಮ ಕಡೆ ಮೇಲುಕೋಟೆಲಿ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಒಬ್ರೇ. ಫಲಿತಾಂಶ ಬಂದ ದಿನದಿಂದ ನಾವು ಮಾತಾಡೋದೆಲ್ಲ 135ರ ಬಗ್ಗೆನೇ, ಯಾರು ಮಂತ್ರಿ, ಯಾರಿಗೆ ಯಾವ ಖಾತೆ, ಯಾರಿಗೆ ಅಸಮಾಧಾನ. ಆ 66, ಆ 19, ಆ 1 ಏನ್ ಮಾಡ್ಬೇಕು ಅಂತ ಯಾರೂ ಕೇಳಲ್ಲ. ಅವರಿಗೂ ಐದು ವರ್ಷ ಸಂಬಳ ನಾವೇ ಕೊಡ್ತೀವಿ, ಅವರ ಕ್ಷೇತ್ರದಲ್ಲೂ ಜನ ಇದ್ದಾರೆ.

ನಾನು ಕೇಳ್ತಿರೋದು ಯಾವ ಪಕ್ಷ ಒಳ್ಳೇದು ಅಂತ ಅಲ್ಲ, ದಯವಿಟ್ಟು ಆ ಕಡೆ ಎಳೀಬೇಡಿ. ನನ್ನ ಪ್ರಶ್ನೆ ಇಷ್ಟೇ. ಬಹುಮತ ಇಲ್ಲ ಅಂತ ಗೊತ್ತಿರೋ ಪಕ್ಷ ಅಧಿವೇಶನಕ್ಕೆ ಹೋಗುವಾಗ ಕೈಲಿ ಏನ್ ಹಿಡ್ಕೊಂಡು ಹೋಗ್ಬೇಕು? ನನಗನ್ಸೋದು, ಇಪ್ಪತ್ತು ವಿಷಯದ ಪಟ್ಟಿ ಮಾಡ್ಕೊಂಡು ಹೋಗಿ ಎಲ್ಲದಕ್ಕೂ ಒಂದೊಂದು ದಿನ ಕೂಗಾಡಿ ಬರೋದಕ್ಕಿಂತ, ಎರಡೋ ಮೂರೋ ವಿಷಯ ಆರಿಸ್ಕೊಂಡು, ಅದನ್ನ ಸೆಕ್ಷನ್ ಸಮೇತ ಕಾನೂನಿನ ಭಾಷೆಲಿ ಬರೆದು, ಐದು ವರ್ಷ ಅದನ್ನೇ ಹಿಡ್ಕೊಂಡು ಕೂತ್ರೆ ಏನಾದ್ರೂ ಆಗುತ್ತೆ. ಪ್ರಣಾಳಿಕೆ ಗೆದ್ದೋರಿಗೆ ಮಾತ್ರ ಅಂತ ಯಾರ್ ಹೇಳಿದ್ದು, ಸೋತೋರಿಗೂ ಒಂದು ಬೇಕು. ನಿಮಗೆ ಏನನ್ಸುತ್ತೆ, ಆ ಎರಡು ಮೂರು ವಿಷಯ ಯಾವ್ದಿರ್ಬೇಕು?

ಹೆದ್ದಾರಿ ಪಕ್ಕದೋನು

ಸರ್ ಒಳ್ಳೇ ಪ್ರಶ್ನೆ, ಆದ್ರೆ ಬೇಜಾರ್ ಮಾಡ್ಕೋಬೇಡಿ, ನನಗೆ ನಂಬಿಕೆ ಇಲ್ಲ. ಕೈ ಎತ್ತೋರು 135 ಜನ ಇದ್ದಾಗ ಒಬ್ರು ಎಷ್ಟೇ ಚೆನ್ನಾಗಿ ಮಸೂದೆ ಬರೆದ್ರೂ ಧ್ವನಿಮತದಲ್ಲಿ ಅರ್ಧ ನಿಮಿಷಕ್ಕೆ ಬಿದ್ದೋಗುತ್ತೆ. ವಿರೋಧ ಪಕ್ಷಕ್ಕೆ ಇರೋದು ಒಂದೇ ದಾರಿ, ಸದನದ ಬಾವಿಗೆ, ಅಂದ್ರೆ ಸ್ಪೀಕರ್ ಪೀಠದ ಮುಂದಿನ ಜಾಗಕ್ಕೆ, ಇಳಿದು ಧರಣಿ ಮಾಡೋದು, ಟೀವಿಲಿ ಬರುತ್ತೆ, ಜನಕ್ಕೆ ಗೊತ್ತಾಗುತ್ತೆ, ಮುಂದಿನ ಎಲೆಕ್ಷನ್‌ಗೆ ಕೆಲಸಕ್ಕೆ ಬರುತ್ತೆ. ಕಾನೂನು ಮಾಡೋದು ಅಧಿಕಾರ ಇರೋರ ಕೆಲಸ.

ಕಪ್ಪು ಕೋಟು ಇನ್ನೂ ಸಿಕ್ಕಿಲ್ಲ

ಲಾ ಓದ್ತಿದೀನಿ, ಹಾಗಾಗಿ ಸ್ವಲ್ಪ ನಿಯಮದ ಕಡೆಯಿಂದ ಹೇಳ್ತೀನಿ. ಹೆದ್ದಾರಿ ಅವರು ಹೇಳಿದ್ದು ಲೆಕ್ಕದಲ್ಲಿ ಸರಿ. ಮಂತ್ರಿ ಅಲ್ಲದ ಯಾವ ಶಾಸಕ ಮಸೂದೆ ತಂದ್ರೂ ಅದು ಖಾಸಗಿ ಮಸೂದೆ, ಅಂದ್ರೆ ಆಡಳಿತ ಪಕ್ಷದ ಹಿಂದಿನ ಬೆಂಚಿನೋರು ತಂದ್ರೂ ಅಷ್ಟೇ. ಪಾರ್ಲಿಮೆಂಟಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ ಕಾನೂನಾಗಿರೋ ಖಾಸಗಿ ಮಸೂದೆ ಬರೀ 14, ಕೊನೇದು ಆಗಿದ್ದು 1970ರಲ್ಲಿ. ರಾಜ್ಯಕ್ಕೆ ಬಂದ್ರೆ ಇನ್ನೊಂದು ಬೀಗ ಇದೆ, ಸಂವಿಧಾನದ 207ನೇ ವಿಧಿ ಮೂರನೇ ಖಂಡ. ರಾಜ್ಯದ ಸಂಚಿತ ನಿಧಿಯಿಂದ ಖರ್ಚಾಗೋ ಹಾಗಿದ್ರೆ ರಾಜ್ಯಪಾಲರ ಶಿಫಾರಸು ಇಲ್ದೆ ಆ ಮಸೂದೆನ ಸದನ ಅಂಗೀಕರಿಸೋ ಹಾಗೇ ಇಲ್ಲ, ರಾಜ್ಯಪಾಲರು ಇಲ್ಲಿ ನಡೆಯೋದು ಮಂತ್ರಿಮಂಡಲದ ಸಲಹೆ ಮೇಲೆ. ಅಂದ್ರೆ ದುಡ್ಡು ಬೇಕಾಗೋ ಯಾವ ಯೋಜನೆ ಮಸೂದೆ ತಗೊಂಡ್ ಹೋದ್ರೂ ಬಾಗಿಲ ಕೀಲಿ ಸರ್ಕಾರದ ಹತ್ರನೇ ಇರುತ್ತೆ.

ಆದ್ರೆ ಇದರಿಂದ ನಾನು ತಗೊಳ್ಳೋ ಪಾಠ ಬೇರೆ. ದುಡ್ಡು ಬೇಡದ ಕಾನೂನು ಆರಿಸ್ಕೊಳ್ಳಿ. ದಿನಾಂಕ, ಗಡುವು, ಯಾರು ಯಾರಿಗೆ ಉತ್ತರ ಕೊಡ್ಬೇಕು, ಯಾವ ಕಾಗದ ಯಾವಾಗ ಬಹಿರಂಗ ಆಗ್ಬೇಕು, ಇಂಥದ್ದಕ್ಕೆ ಖಜಾನೆ ಮುಟ್ಟಬೇಕಾಗಿಲ್ಲ. ಮತ್ತೆ ಸೋತ ಮಸೂದೆ ಸತ್ತೋಗುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ. ಡಿಎಂಕೆಯ ತಿರುಚ್ಚಿ ಶಿವ ಅವರು ತಂದ ಟ್ರಾನ್ಸ್‌ಜೆಂಡರ್ ಹಕ್ಕುಗಳ ಖಾಸಗಿ ಮಸೂದೆ 2015ರ ಏಪ್ರಿಲ್ 24ಕ್ಕೆ ರಾಜ್ಯಸಭೆಲಿ ಪಾಸಾಯ್ತು, ಲೋಕಸಭೆ ದಾಟಲಿಲ್ಲ, ಆದ್ರೆ ಅದಾದ್ಮೇಲೆ ಸರ್ಕಾರ ತನ್ನದೇ ಮಸೂದೆ ತರಬೇಕಾಯ್ತು, 2019ರಲ್ಲಿ ಕಾನೂನಾಯ್ತು. ಸರ್ಕಾರದ್ದು ಶಿವ ಅವರದ್ದಕ್ಕಿಂತ ಸಪ್ಪೆ ಅಂತ ಆ ಸಮುದಾಯದವರೇ ಬೀದಿಗಿಳಿದ್ರು, ಅದೂ ನಿಜ. ಆದ್ರೆ ಹೋಲಿಸಿ ನೋಡೋಕೆ ಒಂದು ಒಳ್ಳೇ ಕರಡು ಮೊದಲೇ ಮೇಜಿನ ಮೇಲಿತ್ತಲ್ಲ, ಅದು ಮುಖ್ಯ.

ಮಳೆಗಾಲದ ಮಲ್ನಾಡು

ಹೆದ್ದಾರಿಯವ್ರೇ, ಅಧಿಕಾರ ಇರೋರು ಮಾತ್ರ ಕಾನೂನು ಮಾಡ್ತಾರೆ ಅಂತ ಹೇಳೋ ಮುಂಚೆ ನಮ್ಮೂರ ಕಡೆ ಕಥೆ ಒಂದ್ಸಲ ಕೇಳಿ ಮಾರಾಯ್ರೆ. 1951ರಲ್ಲಿ ಸಾಗರದ ಹತ್ರ ಕಾಗೋಡಲ್ಲಿ ಗೇಣಿದಾರರು ಎದ್ದು ನಿಂತ್ರು. ಶಾಂತವೇರಿ ಗೋಪಾಲಗೌಡ್ರು ಆ ಹೋರಾಟದಲ್ಲಿದ್ದವರು, 1952ರ ಮೊದಲ ಚುನಾವಣೇಲೇ ಸಮಾಜವಾದಿ ಪಕ್ಷದಿಂದ ಸಾಗರ ಹೊಸನಗರದಲ್ಲಿ ಗೆದ್ದು ಮೈಸೂರು ವಿಧಾನಸಭೆಗೆ ಹೋದ್ರು. ಅಲ್ಲಿ ಸಮಾಜವಾದಿಗಳು ಬೆರಳೆಣಿಕೆ. ಮಸೂದೆ ಪಾಸ್ ಮಾಡ್ಸೋ ಮಾತು ದೂರ, ಮಾತಾಡೋಕೆ ಟೈಮ್ ಸಿಕ್ಕೋದೇ ಕಷ್ಟ. ಆದ್ರೂ ಗೇಣಿ, ಭೂಮಿ, ಉಳುವವನ ಹಕ್ಕು, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು, ಇದನ್ನೇ ಹಿಡಿದ್ರು. 1957ರಲ್ಲಿ ಸೋತ್ರು, 62ರಲ್ಲಿ ಮತ್ತೆ 67ರಲ್ಲಿ ತೀರ್ಥಹಳ್ಳಿಯಿಂದ ಗೆದ್ರು, ಮತ್ತೆ ಅದೇ ಮಾತು.

1972ರ ಜೂನಲ್ಲಿ ತೀರ್ಕೊಂಡ್ರು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್ 1. ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಿದ್ದು 1974ರ ಮಾರ್ಚ್ 1. ಎರಡನ್ನೂ ಕಣ್ಣಾರೆ ನೋಡ್ಲಿಲ್ಲ. ನಮ್ಮಜ್ಜ ಗೇಣಿ ಭೂಮಿ ಹಕ್ಕಿಗೆ ಹಾಕೋ ಅರ್ಜಿ, ಫಾರಂ ನಂಬರ್ 7, ತುಂಬಿ ಭೂ ನ್ಯಾಯಮಂಡಳಿ ಮುಂದೆ ನಿಂತಾಗ ಸಹಿ ಮಾಡಿದ ಸರ್ಕಾರ ಕಾಂಗ್ರೆಸ್ಸಿಂದು, ಅದನ್ನ ಯಾವತ್ತೂ ಮರೀಬಾರದು, ಅರಸು ಧೈರ್ಯ ಮಾಡ್ದೇ ಇದ್ರೆ ಅದು ಆಗ್ತಿರ್ಲಿಲ್ಲ. ಆದ್ರೆ ಇಪ್ಪತ್ತು ವರ್ಷ ಆ ಮಾತನ್ನ ಸದನದ ಕಡತದಲ್ಲಿ ಬದುಕಿಸಿಟ್ಟವರು ಸಂಖ್ಯೆ ಇಲ್ದೆ ಇದ್ದ ಬೆಂಚಿನವರು. ಇವತ್ತು ನಮ್ಮನೆ ಮುಂದಿರೋ ತೋಟ ನೋಡಿದಾಗೆಲ್ಲ ನನಗೆ ಇಬ್ರೂ ನೆನಪಾಗ್ತಾರೆ.

ಬಿಸಿಲನಾಡಿನಿಂದ

ಮಲ್ನಾಡಿನವ್ರು ಭಾಳ ಛಲೋ ಹೇಳಿದ್ರಿ. ನಮ್ಮ ಕಡೀದೂ ಒಂದು ಸೇರಸ್ತೀನ್ರಿ. ಹೈದರಾಬಾದ್ ಕರ್ನಾಟಕಕ್ಕ ವಿಶೇಷ ಸ್ಥಾನಮಾನ ಬೇಕು ಅಂತ ವೈಜನಾಥ ಪಾಟೀಲ್ರು ಎಷ್ಟು ವರ್ಷ ಒದರಾಡಿದ್ರು, ಮಂದಿ ನಕ್ಕರು, ಇದು ಆಗೂದಲ್ಲ ಹೋಗೂದಲ್ಲ ಅಂದ್ರು. ಇದು ರಾಜ್ಯದ ಸದನದಾಗ ಪಾಸ್ ಆಗೂ ಕಾನೂನೂ ಅಲ್ಲ, ಸಂವಿಧಾನಾನೇ ತಿದ್ದಬೇಕು, ಅದು ದಿಲ್ಲಿ ಕೆಲಸ. ಆದರೂ ಬಿಡಲಿಲ್ಲ. ಕಡೀಕ 2012ರಾಗ 98ನೇ ತಿದ್ದುಪಡಿ ಆಗಿ 371ಜೆ ಬಂತು. ಇವತ್ತ ನಮ್ಮ ಹುಡುಗ್ರು ಮೆಡಿಕಲ್ ಸೀಟು ಇಂಜಿನಿಯರಿಂಗ್ ಸೀಟು ತಗೊಳ್ಳಾಕ, ನೌಕರಿಗೆ ಅರ್ಜಿ ಹಾಕಾಕ ಅದರ ಸರ್ಟಿಫಿಕೇಟ್ ಹಿಡ್ಕೊಂಡು ಹೋಗ್ತಾರ.

ಕಾವೇರಿ ದಂಡಿಯವ್ರು ಕೇಳಿದ್ದಕ್ಕ ನನ್ನ ಉತ್ತರ ಅಂದ್ರ, ಪಕ್ಷ ಸಣ್ಣದಿದ್ರ ವಿಷಯ ಒಂದ ಇರಬೇಕ್ರಿ. ಆ ಮನುಷ್ಯಾ ಎದ್ದು ನಿಂತ್ರ ಸಾಕು, ಇವ್ರು ಇದನ್ನ ಕೇಳ್ತಾರ ಅಂತ ಎದುರಿನ ಬೆಂಚಿನ ಮಂತ್ರಿ ಫೈಲ್ ತಯಾರಿಟ್ಕೊಂಡು ಕುಂದ್ರಬೇಕು. ಹಂಗ ಆಗಬೇಕು.

ಗ್ಯಾಲರಿ ಬೆಂಚು

ನಾನು ಕೆಲವು ವರ್ಷ ವಿರೋಧ ಪಕ್ಷದ ಒಬ್ಬ ಶಾಸಕರಿಗೆ ಸದನದ ಪ್ರಶ್ನೆ ಬರೆದುಕೊಡೋ ಕೆಲಸ ಮಾಡಿದ್ದೆ, ಹೆಸರು ಊರು ಬೇಡ. ಎಲ್ರೂ ಮಸೂದೆ ಬಗ್ಗೆ ಹೇಳ್ತಿದೀರ, ನಾನು ಪ್ರಶ್ನೆ ಬಗ್ಗೆ ಹೇಳ್ತೀನಿ, ಯಾಕಂದ್ರೆ ಸಂಖ್ಯೆ ಇಲ್ದೋರ ಕೈಲಿರೋ ಅಸಲಿ ಅಸ್ತ್ರ ಅದೇ, ಅದಕ್ಕೆ ಬಹುಮತ ಬೇಕಾಗಿಲ್ಲ.

ಮೊದಲ ಸಲ ನಾನು ಬರೆದಿದ್ದು ಹೀಗಿತ್ತು, "ತಾಲ್ಲೂಕಿನ ವಿದ್ಯಾರ್ಥಿನಿಲಯಗಳಲ್ಲಿ ಮೂಲಸೌಕರ್ಯಗಳ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?" ಉತ್ತರ ಬಂತು. ಮೊದಲನೇದಕ್ಕೆ "ಬಂದಿರುವುದಿಲ್ಲ". ಎರಡನೇದಕ್ಕೆ "ಉದ್ಭವಿಸುವುದಿಲ್ಲ". ಅಷ್ಟೇ. ಆ ಹಾಸ್ಟೆಲಲ್ಲಿ ಮಕ್ಕಳು ಹೇಗಿದ್ರು ಅಂತ ನಾನು ಹೋಗಿ ನೋಡ್ಕೊಂಡು ಬಂದಿದ್ದೆ, ಆ ಎರಡು ಪದ ಓದಿ ರಾತ್ರಿ ನಿದ್ದೆ ಬರ್ಲಿಲ್ಲ. ತಪ್ಪು ನಂದೇ ಅಂತ ಆಮೇಲೆ ಅರ್ಥ ಆಯ್ತು, "ಗಮನಕ್ಕೆ ಬಂದಿದೆಯೇ" ಅಂತ ಕೇಳಿದ್ರೆ "ಇಲ್ಲ" ಅಂತ ಹೇಳೋಕೆ ನಾನೇ ಜಾಗ ಮಾಡಿಕೊಟ್ಟಿದ್ದೆ.

ಮುಂದಿನ ಅಧಿವೇಶನಕ್ಕೆ ಬದಲಾಯಿಸಿ ಬರೆದ್ವಿ. ಮಂಜೂರಾದ ವಾರ್ಡನ್ ಹುದ್ದೆ ಎಷ್ಟು, ಭರ್ತಿ ಎಷ್ಟು, ಖಾಲಿ ಇರೋ ಒಂದೊಂದು ಹುದ್ದೆ ಯಾವ ದಿನಾಂಕದಿಂದ ಖಾಲಿ, ಭರ್ತಿಗೆ ಆರ್ಥಿಕ ಇಲಾಖೆಗೆ ಪ್ರಸ್ತಾವನೆ ಯಾವ ದಿನಾಂಕ ಹೋಗಿದೆ, ಈಗ ಅದು ಯಾವ ಹಂತದಲ್ಲಿದೆ, ಹಾಸ್ಟೆಲ್‌ವಾರು ಮಾಹಿತಿ ಕೊಡುವುದು. ಈ ಸಲ "ಅನುಬಂಧದಲ್ಲಿ ನೀಡಲಾಗಿದೆ" ಅಂತ ಪಟ್ಟಿ ಬಂತು, ಒಬ್ಬರೇ ವಾರ್ಡನ್ ಮೂರು ಹಾಸ್ಟೆಲ್ ನೋಡ್ಕೊತಿದ್ದಿದ್ದು ಸರ್ಕಾರದ್ದೇ ಕಾಗದದಲ್ಲಿ ಬಂತು, ಪ್ರಸ್ತಾವನೆ ಹೋಗೇ ಇಲ್ಲ ಅನ್ನೋದೂ ಬಂತು. ಸ್ಥಳೀಯ ಪತ್ರಿಕೆಯವ್ರು ಅದನ್ನ ಹಾಗೇ ಹಾಕಿದ್ರು. ವರ್ಷದೊಳಗೆ ಎರಡು ಹುದ್ದೆಗೆ ಜನ ಬಂದ್ರು. ಮಸೂದೆ ಇಲ್ಲ, ಧರಣಿ ಇಲ್ಲ.

ಇನ್ನೊಂದು, ಮಂತ್ರಿಗಳು ಸದನದಲ್ಲಿ ನಿಂತು "ಮಾಡ್ತೀವಿ" ಅಂದ್ರೆ ಅದು ಸುಮ್ನೆ ಗಾಳಿಗೆ ಹೋಗಲ್ಲ, ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದಿದೆ, ಅದರ ಲೆಕ್ಕಕ್ಕೆ ಬರುತ್ತೆ. ನಮ್ಮ ಶಾಸಕರು ಅದರ ಬೆನ್ನು ಹತ್ತೋದೇ ಕಡಿಮೆ. ಪ್ರಶ್ನೆ ಕೇಳಿದ ದಿನ ಫೋಟೋ ಹಾಕ್ತಾರೆ, ಉತ್ತರಕ್ಕೆ ಏನಾಯ್ತು ಅಂತ ಆರು ತಿಂಗಳಾದ್ಮೇಲೆ ಕೇಳೋದು ಬಿಟ್ಟುಬಿಡ್ತಾರೆ.

ಹೆದ್ದಾರಿ ಪಕ್ಕದೋನು

ಗ್ಯಾಲರಿ ಅವರದ್ದು ಓದಿ ಸ್ವಲ್ಪ ಯೋಚನೆ ಮಾಡೋ ಹಾಗಾಯ್ತು. ಆದ್ರೂ ಒಂದು ಕೇಳ್ತೀನಿ, ಮಾತಾಡೋಕೇ ಬಿಡ್ದೆ ಇದ್ದಾಗ? ಬೇರೆ ಕಲಾಪ ನಿಲ್ಲಿಸಿ ಇದನ್ನ ಮೊದಲು ಚರ್ಚಿಸಿ ಅಂತ ನಿಯಮ 60ರಲ್ಲಿ ನಿಲುವಳಿ ಸೂಚನೆ ಕೊಟ್ರೆ ಅದನ್ನ ಕಲಾಪ ನಿಲ್ಲಿಸದೆ ಚರ್ಚಿಸೋ ನಿಯಮ 69ಕ್ಕೆ ಬದಲಾಯಿಸ್ತಾರೆ, ಆಮೇಲೆ ಚರ್ಚೆ ನಾಳೆ, ನಾಡಿದ್ದು ಅಂತ ಹೋಗುತ್ತೆ, ಅಷ್ಟರಲ್ಲಿ ಅಧಿವೇಶನನೇ ಮುಗೀತು. ಆವಾಗ ಬಾವಿಗಿಳೀದೆ ಇನ್ನೇನ್ ಮಾಡೋದು?

ಕಾವೇರಿ ದಂಡೆ

ಹೆದ್ದಾರಿಯವ್ರೇ ನಿಮ್ಮ ಸಿಟ್ಟು ನನಗೂ ಅರ್ಥ ಆಗುತ್ತೆ ಕಣ್ರಿ. ಧರಣಿ ಬೇಡ್ವೇ ಬೇಡ ಅಂತ ನಾನೂ ಹೇಳಲ್ಲ, ಕೊನೇ ಅಸ್ತ್ರ ಆಗಿರ್ಬೇಕು. ಅದನ್ನೇ ಮೊದಲನೇದು ಮಾಡ್ಕೊಂಡ್ರೆ ಏನಾಗುತ್ತೆ ನೋಡಿ. 2022ರ ಫೆಬ್ರವರಿಲಿ ಕಾಂಗ್ರೆಸ್ ವಿರೋಧ ಪಕ್ಷದಲ್ಲಿದ್ದಾಗ ಸದನದೊಳಗೆ ಅಹೋರಾತ್ರಿ ಧರಣಿ ಕೂತ್ರು, ಜಂಟಿ ಅಧಿವೇಶನದ ದಿನಗಳು ಅದರಲ್ಲೇ ಕರಗಿ ಹೋದ್ವು. 2025ರ ಮಾರ್ಚ್ 21ಕ್ಕೆ ಬಿಜೆಪಿಯವ್ರು ಗದ್ದಲ ಮಾಡ್ತಿದ್ದಾಗ ಗುತ್ತಿಗೆಯಲ್ಲಿ ಶೇ. 4 ಮೀಸಲಾತಿ ಮಸೂದೆ, ಶಾಸಕರ ಸಂಬಳ ಭತ್ಯೆ ಏರಿಸೋ ಮಸೂದೆ ಎಲ್ಲ ಆ ಗದ್ದಲದಲ್ಲೇ ಪಾಸಾದ್ವು, ಅದೇ ದಿನ 18 ಶಾಸಕರು ಆರು ತಿಂಗಳಿಗೆ ಅಮಾನತಾದ್ರು, ಮೇ ತಿಂಗಳಲ್ಲಿ ಅದನ್ನ ವಾಪಸ್ ತಗೊಂಡ್ರು. ಮೀಸಲಾತಿ ಮಸೂದೆಗೆ ವಿರೋಧ ಇದ್ದೋರು ಒಂದೊಂದು ಕಲಮಿಗೂ ತಿದ್ದುಪಡಿ ಕೊಟ್ಟು, ಡಿವಿಷನ್, ಅಂದ್ರೆ ಮತ ಎಣಿಸೋಕೆ, ಕೇಳಿ, ಯಾರು ಯಾವ ಕಡೆ ಅಂತ ಹೆಸರು ಸಮೇತ ದಾಖಲೆ ಮಾಡಿಸ್ಬಹುದಿತ್ತು. ಧ್ವನಿಮತದಲ್ಲಿ ಯಾರ ಹೆಸರೂ ಉಳಿಯಲ್ಲ. ಗದ್ದಲದಿಂದ ಅನುಕೂಲ ಆಗೋದು ಚರ್ಚೆ ಬೇಡ ಅನ್ನೋ ಸರ್ಕಾರಕ್ಕೆ, ಅದು ಯಾವ ಪಕ್ಷದ ಸರ್ಕಾರ ಆದ್ರೂ.

ಮೇಲ್ಮನೆ ನೋಡುಗ

ಎಲ್ರೂ ವಿಧಾನಸಭೆ ಬಗ್ಗೆನೇ ಮಾತಾಡ್ತಿದೀರ, ಮೇಲ್ಮನೆ, ಅಂದ್ರೆ ವಿಧಾನ ಪರಿಷತ್ತು ಮರೆತ್ರಾ? 75 ಜನರ ಮನೆ ಅದು, ಸದಸ್ಯರು ಒಟ್ಟಿಗೆ ಬದಲಾಗಲ್ಲ, ಮೂರನೇ ಒಂದು ಭಾಗ ಎರಡು ವರ್ಷಕ್ಕೊಮ್ಮೆ, ಹಾಗಾಗಿ ಕೆಳಮನೆಲಿ ಸೋತ ಪಕ್ಷ ಇಲ್ಲಿ ಸ್ವಲ್ಪ ಕಾಲ ಬಲವಾಗೇ ಇರುತ್ತೆ. 2023ರ ಜುಲೈಲಿ ಎಪಿಎಂಸಿ ತಿದ್ದುಪಡಿ ಮಸೂದೆನ ಪರಿಷತ್ತು ಪರಿಶೀಲನಾ ಸಮಿತಿಗೆ ಕಳಿಸ್ತು. 2024ರ ಫೆಬ್ರವರಿಲಿ ದೇವಸ್ಥಾನಗಳ ಆದಾಯದ ಮಸೂದೆ, ಅದೇ ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ, ಪರಿಷತ್ತಲ್ಲಿ ಬಿದ್ದೇ ಹೋಯ್ತು, ಸರ್ಕಾರ ಅದನ್ನ ಮತ್ತೆ ವಿಧಾನಸಭೆಗೆ ತರಬೇಕಾಯ್ತು. ಆ ಮಸೂದೆ ಸರಿನೋ ತಪ್ಪೋ ಇಲ್ಲಿ ಬೇಡ.

ಆದ್ರೆ ಮಿತಿನೂ ಗೊತ್ತಿರ್ಲಿ. 197ನೇ ವಿಧಿ ಪ್ರಕಾರ ಪರಿಷತ್ತು ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು ಅಷ್ಟೇ ತಡೆಯೋಕಾಗೋದು, ಹಣ ಮಸೂದೆ ಆದ್ರೆ 198ನೇ ವಿಧಿ ಪ್ರಕಾರ 14 ದಿನ. ಪಾರ್ಲಿಮೆಂಟಿನ ಹಾಗೆ ಜಂಟಿ ಅಧಿವೇಶನ ಕರೆದು ಮತ ಹಾಕಿಸೋ ವ್ಯವಸ್ಥೆ ರಾಜ್ಯಕ್ಕಿಲ್ಲ. ನನ್ನ ಅಭಿಪ್ರಾಯ, ಬೀಳಿಸೋದಕ್ಕಿಂತ ಸಮಿತಿಗೆ ಕಳಿಸೋದ್ರಲ್ಲಿ ಲಾಭ ಜಾಸ್ತಿ. ಗ್ರೇಟರ್ ಬೆಂಗಳೂರು ಮಸೂದೆ 2024ರ ಜುಲೈಲಿ ಬಂದಾಗ ವಿರೋಧ ಪಕ್ಷದವ್ರು ಪಟ್ಟು ಹಿಡಿದ್ರು, ಜಂಟಿ ಪರಿಶೀಲನಾ ಸಮಿತಿಗೆ ಹೋಯ್ತು, 2025ರ ಮಾರ್ಚಲ್ಲಿ ಪಾಸಾಯ್ತು. ನಡುವೆ ಎಂಟು ತಿಂಗಳು ಜನಕ್ಕೆ ಓದೋಕೆ, ಆಕ್ಷೇಪ ಹೇಳೋಕೆ ಸಿಕ್ತು. ಕೇರಳದಲ್ಲಿ 1980ರಿಂದ ವಿಷಯ ಸಮಿತಿಗಳಿದಾವೆ, ಮಸೂದೆ ಬಂದ್ರೆ ಸಮಿತಿಗೆ ಹೋಗೋದೇ ರೂಢಿ. ಪಟ್ಟಿಲಿ ಇದೊಂದು ಸೇರಿಸಿ, ಪ್ರತಿ ಮಸೂದೆ ಕಡ್ಡಾಯವಾಗಿ ಸಮಿತಿ ಮುಂದೆ.

ಮಳೆಗಾಲದ ಮಲ್ನಾಡು

ಸಮಿತಿಗೆ ಕಳಿಸೋದು ಸರಿ, ಆದ್ರೆ ಅಧಿವೇಶನನೇ ನಡೀದಿದ್ರೆ? 2005ರಲ್ಲಿ ನಮ್ಮದೇ ರಾಜ್ಯ ಕಾನೂನು ಮಾಡ್ಕೊಂಡಿದೆ, ವರ್ಷಕ್ಕೆ ಕಡೇಪಕ್ಷ 60 ದಿನ ಸದನ ಸೇರ್ಬೇಕು ಅಂತ. ಸೇರ್ತಿದ್ಯಾ? ಎಲ್ಲ ಪಕ್ಷದವ್ರೂ ಒಟ್ಟಿಗೆ ಮುರೀತಿರೋ ಕಾನೂನು ಅದು. ಸಂಖ್ಯೆ ಇಲ್ದೋರಿಗೆ ಸಿಕ್ಕೋದೇ ಸಮಯ, ಆ ಸಮಯನೇ ಕತ್ತರಿಸಿದ್ರೆ ಪ್ರಶ್ನೆನೂ ಇಲ್ಲ, ಶೂನ್ಯ ವೇಳೆನೂ ಇಲ್ಲ, ಗಮನ ಸೆಳೆಯೋ ಸೂಚನೆನೂ ಇಲ್ಲ. ನನ್ನ ಕೇಳಿದ್ರೆ ಇದೇ ಮೊದಲನೇದು.

ಕಾವೇರಿ ದಂಡೆ

60 ದಿನ, ಒಪ್ಪಿದೆ. ಸಮಿತಿನೂ ಒಪ್ಪಿದೆ. ಆದ್ರೆ ಇವೆರಡೂ ಸದನದ ಒಳಗಿನ ಮಾತು, ಇದನ್ನ ಹಿಡ್ಕೊಂಡು ಹಳ್ಳಿ ಕಟ್ಟೆ ಮೇಲೆ ಹೋದ್ರೆ ಜನಕ್ಕೆ ಏನ್ ಹೇಳೋದು? ಅದಕ್ಕೆ ನನ್ನ ಕಡೆಯಿಂದ ಮೂರನೇದು, ನನ್ನ ಲೆಕ್ಕದಲ್ಲಿ ಇದೇ ದೊಡ್ಡದು: ಜಿಲ್ಲಾ ಪಂಚಾಯ್ತಿ ತಾಲ್ಲೂಕು ಪಂಚಾಯ್ತಿ ಚುನಾವಣೆ.

2021ರಲ್ಲಿ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರಲ್ಲಿ. ಪಂಚಾಯ್ತಿಗಳಿಗೆ ಸಂವಿಧಾನದ 243ಇ ವಿಧಿ ಅವಧಿ ಮುಗಿಯೋ ಮುಂಚೆನೇ ಚುನಾವಣೆ ಮುಗೀಬೇಕು ಅಂತ ಹೇಳುತ್ತೆ. 2021ರಲ್ಲಿ ಕಾಯ್ದೆ ತಿದ್ದಿ ಕ್ಷೇತ್ರ ವಿಂಗಡಣೆ ಕೆಲಸನ ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೆ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ರು, ಅವತ್ತು ಬಿಜೆಪಿ ಸರ್ಕಾರ, ಆಮೇಲೆ ಬಂದ ಕಾಂಗ್ರೆಸ್ ಸರ್ಕಾರಕ್ಕೂ ಅವಸರ ಕಾಣ್ಲಿಲ್ಲ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ನಜೀರ್ ಸಾಬ್ರು ಜಿಲ್ಲಾ ಪರಿಷತ್ತು ಕಟ್ಟಿ ದೇಶಕ್ಕೇ ತೋರಿಸ್ಕೊಟ್ಟ ರಾಜ್ಯ ಇದು, ನೋವಾಗುತ್ತೆ. ನಮ್ಮ ಚಿಕ್ಕಮ್ಮ ಒಂದು ಅವಧಿ ತಾಲ್ಲೂಕು ಪಂಚಾಯ್ತಿ ಸದಸ್ಯೆ ಆಗಿದ್ರು, ಬೋರ್‌ವೆಲ್ ಕೆಟ್ಟೋದ್ರೆ ಬೆಳಿಗ್ಗೆ ಆರಕ್ಕೆ ಜನ ಅವರ ಮನೆ ಬಾಗಿಲಿಗೆ ಬರೋರು, ಈಗ ಯಾರ ಬಾಗಿಲಿಗೆ ಹೋಗ್ಬೇಕು ಹೇಳಿ?

ಕಪ್ಪು ಕೋಟಿನವ್ರೇ, ಇದಕ್ಕೆ ಖಾಸಗಿ ಮಸೂದೆ ಬರೆಯೋಕಾಗುತ್ತಾ? 207 ಅಡ್ಡ ಬರುತ್ತಾ?

ಕಪ್ಪು ಕೋಟು ಇನ್ನೂ ಸಿಕ್ಕಿಲ್ಲ

ಆಗುತ್ತೆ ಅಣ್ಣ. 1993ರ ಪಂಚಾಯತ್ ರಾಜ್ ಕಾಯ್ದೆಗೆ ಒಂದೇ ಒಂದು ಕಲಮು ಸೇರಿಸೋ ತಿದ್ದುಪಡಿ ಸಾಕು. ಅವಧಿ ಮುಗಿಯೋದಕ್ಕೆ ಇಂತಿಷ್ಟು ದಿನ ಮುಂಚೆ ಹೊಸ ಕ್ಷೇತ್ರ ವಿಂಗಡಣೆ ಅಂತಿಮ ಆಗದೇ ಇದ್ರೆ, ಹಿಂದಿನ ಚುನಾವಣೆಯ ಕ್ಷೇತ್ರಗಳ ಮೇಲೇನೇ ಆಯೋಗ ಚುನಾವಣೆ ಮಾಡ್ಬೇಕು, ಸರ್ಕಾರದ ಒಪ್ಪಿಗೆಗೆ ಕಾಯಬೇಕಾಗಿಲ್ಲ. ಇದು ನನ್ನ ತಲೆಯಿಂದ ಬಂದಿದ್ದಲ್ಲ, 2022ರ ಮೇ 10ಕ್ಕೆ ಸುರೇಶ್ ಮಹಾಜನ್ ಕೇಸಲ್ಲಿ ಸುಪ್ರೀಂ ಕೋರ್ಟು ಮಧ್ಯಪ್ರದೇಶಕ್ಕೆ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದು, ವಿಂಗಡಣೆ ಬಾಕಿ ಅಂತ ಚುನಾವಣೆ ಮುಂದೂಡೋ ಹಾಗಿಲ್ಲ ಅಂತ. ಖರ್ಚಿನ ಮಾತು ಬಂದ್ರೆ, ಚುನಾವಣೆ ಖರ್ಚು ಹೆಂಗೂ ಸಂವಿಧಾನನೇ ಹೇರಿರೋದು, ಈ ತಿದ್ದುಪಡಿ ಹೊಸದಾಗಿ ಏನೂ ಸೇರಿಸ್ತಿಲ್ಲ ಅಂತ ವಾದ ಮಾಡ್ಬಹುದು. ಸಚಿವಾಲಯ ಒಪ್ಪದೇ ಇದ್ರೆ ಒಪ್ಪದ ಕಾರಣ ಬರಹದಲ್ಲಿ ಕೇಳೋಣ.

ಕಷ್ಟ ಇರೋದು ಮೀಸಲಾತಿ ಪಟ್ಟಿಲಿ. ಹಿಂದುಳಿದ ವರ್ಗದ ಮೀಸಲಿಗೆ ಮೂರು ಹಂತದ ಪರೀಕ್ಷೆ ಅಂತ ಕೋರ್ಟು ಹಾಕಿದೆ, ಅಂದ್ರೆ ಆಯೋಗದಿಂದ ಅಧ್ಯಯನ, ಅದರ ಮೇಲೆ ಮೀಸಲು ಪ್ರಮಾಣ ನಿಗದಿ, ಒಟ್ಟು ಮೀಸಲು ಶೇ. 50 ದಾಟಬಾರದು, ಅದಕ್ಕೇ ಇಲ್ಲಿ ಭಕ್ತವತ್ಸಲ ಆಯೋಗ ಮಾಡಿ 2022ರಲ್ಲಿ ವರದಿ ತಗೊಂಡಿದ್ದು. ಆ ಭಾಗ ಹುಷಾರಾಗಿ ಬರೀಬೇಕು, ಇಲ್ದಿದ್ರೆ ಹಿಂದುಳಿದವರ ಸೀಟಿಗೇ ಕುತ್ತು ಬರುತ್ತೆ.

ಬಿಸಿಲನಾಡಿನಿಂದ

ಬರೀರಿ ತಮ್ಮಾ, ಬರೀರಿ. ಕನ್ನಡದಾಗ ಬರೀರಿ, ನಮ್ಮ ಮಂದಿಗೆ ಓದಾಕ ಬರೂ ಹಂಗ. ನಮ್ಮ ತಾಲೂಕಿನ ಶಾಸಕ್ರು ಆಡಳಿತ ಪಕ್ಷದವ್ರ ಇದ್ದಾರ, ಅವ್ರಿಗೂ ಒಂದು ಪ್ರತಿ ಕೊಟ್ಟು ಬರ್ತೀನಿ, ಸಹಿ ಮಾಡದಿದ್ರೂ ಓದಲಿ.

ಗ್ಯಾಲರಿ ಬೆಂಚು

ಕರಡು ಬಂದ ಮೇಲೆ ಇಲ್ಲೇ ಹಾಕಿ, ಜೊತೆಗೆ ಚುಕ್ಕೆ ಗುರುತಿನ ಪ್ರಶ್ನೆ, ಅಂದ್ರೆ ಮಂತ್ರಿ ಸದನದಲ್ಲೇ ಬಾಯಿಂದ ಉತ್ತರ ಕೊಡಬೇಕಾದ್ದು, ಒಂದು ನಾನು ತಯಾರು ಮಾಡ್ತೀನಿ, ಜಿಲ್ಲಾವಾರು ಅವಧಿ ಮುಗಿದ ದಿನಾಂಕ, ಆಡಳಿತಾಧಿಕಾರಿ ನೇಮಕದ ಆದೇಶದ ದಿನಾಂಕ, ಚುನಾವಣಾ ಆಯೋಗ ಸರ್ಕಾರಕ್ಕೆ ಬರೆದ ಪತ್ರಗಳ ದಿನಾಂಕ, ಒಂದೊಂದಕ್ಕೂ ಕೊಟ್ಟ ಉತ್ತರದ ದಿನಾಂಕ. "ಗಮನಕ್ಕೆ ಬಂದಿದೆಯೇ" ಅನ್ನೋ ಪದ ಅದರಲ್ಲಿ ಇರಲ್ಲ.

ಹೆದ್ದಾರಿ ಪಕ್ಕದೋನು

ನನ್ನ ಕಡೆಯಿಂದ ಏನಾಗ್ಬೇಕು ಹೇಳಿ. ಪ್ರಿಂಟ್ ತೆಗೆಸೋದು, ಶಾಸಕರ ಮನೆಗಳಿಗೆ ಹೋಗಿ ಕೊಡೋದು ಆದ್ರೆ ನಾನು ಮಾಡ್ತೀನಿ, ನಮ್ಮ ಜಿಲ್ಲೆದು ಪೂರ್ತಿ ನನಗೆ ಬಿಡಿ.

ಕಪ್ಪು ಕೋಟು ಇನ್ನೂ ಸಿಕ್ಕಿಲ್ಲ

ಭಾನುವಾರ ಸಂಜೆ ಒಳಗೆ ಎರಡು ಪುಟದ ಕರಡು ಹಾಕ್ತೀನಿ. ಒಂದೇ ಪ್ರಶ್ನೆ ಎಲ್ರಿಗೂ, ಗಡುವು ಎಷ್ಟು ದಿನ ಇಡೋಣ, 90ನಾ 180ನಾ? ಪಂಚಾಯ್ತಿ ಚುನಾವಣೆ ಕೆಲಸ ಮಾಡಿರೋರು ಯಾರಾದ್ರೂ ಇದ್ರೆ ಹೇಳಿ, ಮತದಾರರ ಪಟ್ಟಿ ಒಡೆದು ಜೋಡಿಸೋಕೆ ನಿಜವಾಗ್ಲೂ ಎಷ್ಟು ದಿನ ಬೇಕಾಗುತ್ತೆ?